ಕೈಲಾಶ ಸರ್ ಬರೆದ ಶಿಫಾರಸು ಪತ್ರ

ಭಾತಂಬ್ರಾದ ಬುದ್ಧ ವಿಹಾರದ ಓಣ್ಯಾಗ ಹದಿಮೂರು ವರ್ಷದಿಂದ ಒಂದೇ ಮಾತು ನಡದು ಬಂದಿತ್ತು: ಓದಿದ್ರ ಕೈಲಾಶನಂಗ ಓದಬೇಕು. ಓಣಿಗೆಲ್ಲ ಮೊದಲನೇ ಎಂ.ಎ. ಅಂವ. ಔರಾದದ ಡಿಗ್ರಿ ಕಾಲೇಜಿನ್ಯಾಗ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಹದಿಮೂರು ವರ್ಷ ಅದೇ ಕುರ್ಚಿಮ್ಯಾಲ ಕುಂತರೂ ಇನ್ನೂ ಅತಿಥೀನೇ, ಆದ್ರ ಓಣಿಯವರಿಗಿ ಅದೆಲ್ಲ ಯಾಕ ಬೇಕು? ಅವರಿಗಿ ಅಂವ ‘ಸರ್’. ಆಷಾಢ ಹುಣ್ಣಿಮಿ ದಿವಸ ವಿಹಾರದಾಗ ಪಾಸಾದ ಹುಡುಗರಿಗಿ ಸತ್ಕಾರ ಮಾಡ್ತಾರ. ಓಣ್ಯಾಗ ಎಲ್ಲಾರಿಗಿಂತ ಹೆಚ್ಚು ಓದಿದವರು ಅವತ್ತು ಭಾಷಣ ಮಾಡಬೇಕು ಅನ್ನೋದು ರೂಢಿ. ಆ ಮೈಕು ಅಂದ್ರ ಕೈಲಾಶನ ಜೀವ. ಅವತ್ತಿನ ಬಿಳಿ ಅಂಗಿಗಿ ತಾನೇ ಇಸ್ತ್ರಿ ಹಾಕ್ಕೋತಿದ್ದ, ಹೆಂಡತಿ ಪೂನಮಗ ಮುಟ್ಟಗೊಡ್ತಿದ್ದಿಲ್ಲ.

ಮೂರು ಮನಿ ಆಚಿಗಿ ಸುಭದ್ರಾಬಾಯಿ ಇದ್ದಳು. ‘ಕೈಲಾಶನ ಕಣ್ಣ ಮುಂದ ಇದ್ರ ಪೋರಿ ಸುಧಾರಿಸ್ತಾಳ’ ಅಂತ ಮುದುಕಿ ತನ್ನ ಮೊಮ್ಮಗಳು ಆಮ್ರಪಾಲಿಗಿ ಔರಾದದ ಕಾಲೇಜಿಗೇ ಹಾಕಿದಳು. ಗುರು ಶಿಷ್ಯರಿಗಿ ದಿನಾ ಕೂಡಿ ಅವೇ ಎರಡು ಬಸ್ಸು: ಭಾಲ್ಕಿತನಕ ಒಂದು, ಅಲ್ಲಿಂದ ಔರಾದಕ್ಕ ಇನ್ನೊಂದು. ಮೂರು ವರ್ಷ ಆಕಿ ಪಾಠದ ನಡುವ ಎದ್ದು ಎದ್ದು ಪ್ರಶ್ನಿ ಕೇಳಿದಳು. ಮೂರು ವರ್ಷ ಇಂವ ‘ಕುಂದ್ರವಾ, ಸಿಲಬಸ್ಸಿನ್ಯಾಗ ಇಲ್ಲ’ ಅಂದ.

ಡಿಗ್ರಿ ಮುಗಿಯೋ ವರ್ಷ ಆಮ್ರಪಾಲಿ ದಿಲ್ಲಿಯ ಒಂದು ದೊಡ್ಡ ವಿಶ್ವವಿದ್ಯಾಲಯಕ್ಕ ಅರ್ಜಿ ಹಾಕಿದಳು. ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಕೈಲಾಶ ಅವತ್ತು ಅವರ ಕಟ್ಟಿಮ್ಯಾಲ ಚಹಾ ಕುಡಿಲಾಕತ್ತಿದ್ದ.

“ಹಂಗಂದ್ರ ಏನವಾ, ಹೊರದೇಶದಾಗ ಬೀಗರನ್ನ ಹುಡುಕೋದು ಕಲಸ್ತಾರೇನು?” ಅಂತ ಸುಭದ್ರಾಬಾಯಿ ಕೇಳಿದಳು.

“ಅಲ್ಲ ಆಯಿ. ದೇಶ ದೇಶದ ನಡುವ ಜಗಳ ಯಾಕ ಬೀಳ್ತಾವ, ಒಪ್ಪಂದ ಹ್ಯಾಂಗ ಆಗ್ತಾವ, ಅದು ಕಲಸ್ತಾರ.”

“ಕಲತು ನೌಕರಿ?”

“ಎಲ್ಲಾರೂ ರಾಯಭಾರಿ ಆಗಂಗಿಲ್ಲ. ಕೆಲವರು ಪರೀಕ್ಷಾ ಬರದು ವಿದೇಶಾಂಗ ಸೇವಾಕ್ಕ ಹೋಗ್ತಾರ, ಕೆಲವರು ನಿರಾಶ್ರಿತರ ಸಲುವಾಗಿ ಇರೋ ಸಂಸ್ಥಿಗಿ, ಕೆಲವರು ಪೇಪರಿಗಿ, ಸಂಶೋಧನಾಕ್ಕ. ನನಗ ಉರ್ದು ಬರ್ತದ ನೋಡು, ಫಾರ್ಸಿ ಕಲತು ಇರಾನ್ ಕಡೀದು ಓದ್ತೇನಿ.”

ಕೈಲಾಶನ ಬಾಯಾಗಿನ ಚಹಾ ಕಹಿ ಆಯ್ತು. ಯಾಕಂದ್ರ ಓಣ್ಯಾಗ ಯಾರಿಗೂ ಗೊತ್ತಿಲ್ಲದ ಒಂದು ಮಾತು ಅವನ ಹೊಟ್ಟ್ಯಾಗ ಇತ್ತು. ಹದಿನೈದು ವರ್ಷದ ಹಿಂದ ಅಂವನೂ ಅದೇ ವಿಶ್ವವಿದ್ಯಾಲಯಕ್ಕ, ಅದೇ ಕೋರ್ಸಿಗಿ ಹೋಗಿದ್ದ. ಪರೀಕ್ಷಾ ಪಾಸಾಗಿದ್ದ. ಸಂದರ್ಶನದಾಗ ಐದು ಮಂದಿ ಮುಂದ ಕುಂತಾಗ ನಾಲಿಗಿ ಅಂಗುಳಕ್ಕ ಅಂಟಿ, ಒಂದು ಅಕ್ಷರ ಹೊರಗ ಬರಲಿಲ್ಲ. ಊರಿಗಿ ಬಂದು ಹತ್ತರದಾಗೇ ಎಂ.ಎ. ಮಾಡಿದ, ಮಂದಿಗಿ ‘ದಿಲ್ಲಿ ನೀರು ನನಗ ಹಿಡಸಲಿಲ್ಲ’ ಅಂದ. ಪೂನಮಗ ಸುದ್ದಾ ಹಂಗೇ ಹೇಳ್ಯಾನ.

ಹೊಟ್ಟಿಕಿಚ್ಚು ಅಂದ್ರ ಹೊಟ್ಟಿಕಿಚ್ಚೇ ರೀ, ಅದಕ್ಕ ಬ್ಯಾರೆ ಹೆಸರು ಯಾಕ? ಬೀದರದ ನೌಬಾದಿನ್ಯಾಗ ಪ್ರವೇಶ ಪರೀಕ್ಷಾ ಇದ್ದಾಗ ಆಕಿಗಿ ಕರಕೊಂಡು ಹೋದಂವ ಇವನೇ. ಆಕಿ ಒಳಗ ಬರಿಲಾಕತ್ತಾಗ ಹೊರಗ ಬೇವಿನ ಗಿಡದ ಬುಡಕ ನಿಂತು ‘ಫೇಲಾಗಲಿ, ಫೇಲಾಗಲಿ’ ಅಂದ. ಅಂದು ತನ್ನ ಕೆನ್ನಿಗಿ ತಾನೇ ಹೊಡಕೊಂಡ. ಮತ್ತ ಅಂದ.

ಆಕಿ ಪಾಸಾದಳು. ಸಂದರ್ಶನಕ್ಕ ಮೊದಲು, ಕಲಿಸಿದ ಗುರುಗಳ ಒಂದು ಶಿಫಾರಸು ಪತ್ರ ಬೇಕಾಗಿತ್ತು. ಅದು ಹುಡುಗಿ ಕೈಗಿ ಸಿಗಂಗಿಲ್ಲ. ಲಿಂಕು ನೇರ ಗುರುಗಳ ಮೊಬೈಲಿಗೇ ಬರ್ತದ, ಅವರೇ ಬರದು ಕಳಸಬೇಕು.

“ಲಿಂಕ್ ಬಂತೇನ್ರಿ ಸರ್?”

“ಸರ್ವರ್ ಡೌನ್ ಅದವಾ,” ಅಂದ ಕೈಲಾಶ. ಲಿಂಕು ಬಂದು ಆರು ದಿನ ಆಗಿತ್ತು.

ಪತ್ರ ಕಳಸಲಾಕ ಕಡೀ ದಿವಸ ಐತವಾರ. ಪೂನಮ ರೊಟ್ಟಿ ಬಡಿತಾ ಇದ್ದಾಕಿ ಅಲ್ಲಿಂದಲೇ ಅಂದಳು: “ಏನ್ರಿ, ಆ ಹುಡುಗಿ ನಾಲ್ಕು ಸಲ ಬಾಗಲಿಗಿ ಬಂದು ಹೋಗ್ಯಾಳ. ಬರದು ಒಗೀರಿ ಅತ್ಲಾಗ. ನಿಮ್ಮ ಗಂಟೇನು ಹೋಗ್ತದ?”

ಗಂಟೇನು ಹೋಗ್ತದ! ಮೈಕು ಹೋಗ್ತದ. ಆದ್ರ ಬರೀಲಿಲ್ಲಂದ್ರ ಇಜ್ಜತೂ ಹೋಗ್ತದ. ಕೈಲಾಶ ಒಂದು ಹಂಚಿಕಿ ಹಾಕಿದ: ಬರಿಬೇಕು, ಆದ್ರ ಖರೇ ಬರಿಬೇಕು. ಒಂದು ಸುಳ್ಳೂ ಹಾಕಬಾರದು, ಆಕಿಯ ಹುಳುಕೆಲ್ಲ ಹಾಕಬೇಕು. ಹಂಗಾದ್ರ ಪಾಪ ತನಗ ತಟ್ಟಂಗಿಲ್ಲ. ಶ್ಯಾಣ್ಯಾನ ಲೆಕ್ಕ ನೋಡ್ರಿ.

ಬರಿಲಾಕ ಕುಂತಾಗ ನೆನಪಾಗಿದ್ದು ಭಾಲ್ಕಿ ಬಸ್‌ಸ್ಟ್ಯಾಂಡಿನ ಜಗಳ. ಒಬ್ಬ ಮರಾಠಿ ಅಜ್ಜ ಕಿಟಕಿಯಿಂದ ದಸ್ತಿ ಒಗದು ಔರಾದ ಬಸ್ಸಿನ್ಯಾಗ ಸೀಟು ಹಿಡದಿದ್ದ. ಮುಸರ್ರತ ಅನ್ನೋ ಹೆಣ್ಮಗಳು ಒಬ್ಬಾಕಿ ಬಂದು ಆ ದಸ್ತಿಮ್ಯಾಲೇ ಕುಂತುಬಿಟ್ಟಳು. ಅಜ್ಜಗ ಉರ್ದು ಬರಂಗಿಲ್ಲ, ಮುಸರ್ರತಗ ಮರಾಠಿ ಬರಂಗಿಲ್ಲ. ಆಮ್ರಪಾಲಿ ನಡುವ ನಿಂತಳು. ಅಜ್ಜ ಮರಾಠಿಯೊಳಗ “ನಾಚಿಕಿಗೇಡಿ, ಕಳ್ಳಿ” ಅಂದ್ರ, ಆಕಿ ಉರ್ದುವಿನ್ಯಾಗ “ಅಜ್ಜಗ ಮೊಣಕಾಲು ಭಾಳ ನೋಯ್ತಾವಂತ್ರಿ” ಅಂದಳು. ಮುಸರ್ರತ “ಈ ಮುದುಕಗ ಮಣ್ಣಾಗ ಹೋಗೋ ವಯಸ್ಸಿನ್ಯಾಗ ಸೀಟು ಯಾಕ ಬೇಕು” ಅಂದ್ರ, ಆಕಿ ಅಜ್ಜಗ “ನಿಮ್ಮ ವಯಸ್ಸಿಗಿ ಮರ್ಯಾದಿ ಕೊಡಬೇಕಂತ ಅನ್ಲಾಕತ್ತಾರ” ಅಂದಳು. ಬೆಣ್ಣ್ಯಾಗಿನ ಕೂದಲ ತಗದಂಗ ಬೈಗುಳ ತಗದು ತಗದು ಒಗದಳು. ಸಂತಪೂರ ಬರೋದ್ರಾಗ ಇಬ್ಬರೂ ಒಂದೇ ಸೀಟಿನ್ಯಾಗ ಕುಂತು ಶೇಂಗಾ ತಿನ್ಲಾಕತ್ತಿದ್ರು. ಎರಡೂ ಭಾಷಾ ಗೊತ್ತಿದ್ದ ಕೈಲಾಶ ಹಿಂದಿನ ಸೀಟಿನ್ಯಾಗ ಪೇಪರ್ ಮಾರಿಗಿ ಹಿಡಕೊಂಡು ಕುಂತಿದ್ದ.

ಅಂವ ಇಂಗ್ಲಿಷಿನ್ಯಾಗ ಬರದದ್ದು ಇಷ್ಟು. ಈ ಹುಡುಗಿ ಬಾಯಿ ಸುಮ್ಮನಿರಂಗಿಲ್ಲ, ಪಾಠ ನಿಲ್ಲಿಸಿ ಗುರುವಿಗೇ ಸವಾಲು ಹಾಕ್ತಾಳ. ಜಗಳದಾಗ ಯಾರ ಪಕ್ಷಾನೂ ಹಿಡಿಯಂಗಿಲ್ಲ, ನಂಬಿಕಿಗಿ ತಕ್ಕಾಕಿ ಅಲ್ಲ. ಒಬ್ಬರ ಮಾತು ಇನ್ನೊಬ್ಬರಿಗಿ ಬೈಗುಳ ತಗದು ದಾಟಸ್ತಾಳ, ಹಿಂಗಾಗಿ ಇಬ್ಬರಿಗೂ ಪೂರಾ ಸತ್ಯ ತಿಳಿಯಂಗೇ ಇಲ್ಲ. ಜೋಡಿಗಿ ಬಸ್ಸಿನ ಕಥಿನೂ ಪೂರಾ ಹಾಕಿದ. ಕಡಿಗಿ ಇನ್ನೊಂದು ಸಾಲು, ಆಮ್ರಪಾಲಿಗಿ ಸಂಬಂಧ ಇಲ್ಲದ್ದು, ತಾನಾಗೇ ಬೆರಳಿಗಿ ಬಂತು. ಅಳಸಬೇಕಂದ. ಅಷ್ಟರಾಗ ಪೂನಮ ಊಟಕ್ಕ ಕರದಳು, ಅವಸರದಾಗ ಹಂಗೇ ಕಳಸಿಬಿಟ್ಟ.

ಆಕಿ ಸಂದರ್ಶನ ಮುಗಿಸಿ ಬಂದ ಹದಿನೈದು ದಿನಕ್ಕ ಸುದ್ದಿ ಬಂತು. ಆಮ್ರಪಾಲಿಗಿ ಸೀಟು ಸಿಕ್ಕಿತ್ತು.

ಹುಣ್ಣಿಮಿ ದಿವಸ ವಿಹಾರ ತುಂಬಿತ್ತು. ಕೈಲಾಶ ರೂಢಿಯಂಗ ಅಂಗಿ ಇಸ್ತ್ರಿ ಮಾಡಿಕೊಂಡು ಮುಂದಿನ ಸಾಲಿನ್ಯಾಗ ಕುಂತಿದ್ದ. ಹಿರಿಯರು ಎದ್ದು, “ಈ ವರ್ಷ ಮಾತು ಆಮ್ರಪಾಲಿದು. ದಿಲ್ಲಿಗಿ ಹೊಂಟಾಳ, ಆಕಿನೇ ಮಾತಾಡಲಿ” ಅಂದುಬಿಟ್ರು. ಕೈಲಾಶಗ ಒಂದು ಮಾತೂ ವಿಚಾರಿಸಲಿಲ್ಲ. ಎದಿಯಾಗ ಹಸಿ ಮೆಣಸಿನಕಾಯಿ ಅರದಂಗಾಯ್ತು.

ಆಮ್ರಪಾಲಿ ಮೈಕು ಹಿಡದು ಜೈಭೀಮ್ ಅಂದಳು. “ನನಗ ಸೀಟು ಸಿಕ್ಕಿದ್ದು ನನ್ನ ಮಾತಿನಿಂದ ಅಲ್ರಿ, ಕೈಲಾಶ ಸರ್ ಬರದ ಪತ್ರದಿಂದ. ಸಂದರ್ಶನದಾಗ ಅದನ್ನ ನನ್ನ ಮುಂದೇ ಓದಿದ್ರು. ನನಗ ಬಾಯಿಪಾಠ ಆಗ್ಯದ. ಇವತ್ತು ನಿಮಗ ಹೇಳ್ತೇನಿ.”

ಕೈಲಾಶ ಬಾಗಲ ಕಡಿ ನೋಡಿದ. ಓಣಿ ಓಣೀನೇ ಎದುರಿಗಿ ಅದ. ಹದಿಮೂರು ವರ್ಷದ ಇಜ್ಜತು ಇನ್ನ ಎರಡು ನಿಮಿಷದ್ದು. ಎದ್ದು ಹೋಗಬೇಕಂದ, ಹಿಂದ ದಾರಿ ಇಲ್ಲದಂಗ ಮಂದಿ ಕುಂತಿದ್ರು.

“ಸರ್ ಬರದಾರ: ಈ ಹುಡುಗಿ ಪ್ರಶ್ನಿ ಕೇಳಲಾಕ ಅಂಜಂಗಿಲ್ಲ. ಜಗಳ ಬಿದ್ದಲ್ಲಿ ಇಬ್ಬರ ಮಾತೂ ಕೇಳ್ತಾಳ. ಒಬ್ಬರ ಮಾತು ಇನ್ನೊಬ್ಬರಿಗಿ ನೋಯದಂಗ ಮುಟ್ಟಸ್ತಾಳ. ಹಂಗಂತ ಬರದು, ಭಾಲ್ಕಿ ಬಸ್ಸಿನ ಕಥಿನೂ ಹಾಕ್ಯಾರ. ಅದು ಓದಿ ಅಲ್ಲಿಯವರು ಎಷ್ಟು ನಕ್ಕರು ಅಂತೀರಿ! ‘ನಿಮ್ಮ ಗುರುಗಳು ಬೈದಾರೋ ಹೊಗಳ್ಯಾರೋ? ನಮಗಂತೂ ಇಂಥವರೇ ಬೇಕು’ ಅಂದ್ರು.”

ಕೈಲಾಶ ತಲಿ ಎತ್ತಿದ. ಒಂದೊಂದು ಸಾಲೂ ಅವನದೇ, ಒಂದು ಬೈಗುಳವೂ ಅದರಾಗ ಇದ್ದಿಲ್ಲ. ಮಂದಿ ಚಪ್ಪಾಳಿ ಹೊಡದರು. ಪೂನಮ ಸೆರಗಿಲೆ ಕಣ್ಣು ಒರಸಿಕೊಂಡಳು. ಅವನ ಹೊಟ್ಟ್ಯಾಗಿನ ಉರಿ ಮಾತ್ರ ಆರಲಿಲ್ಲ, ಇನ್ನೂ ಹೆಚ್ಚಾಯ್ತು. ಈ ವಿದ್ಯಾ ಆಕಿಗಿ ಯಾರೂ ಕಲಿಸದೇ ಬಂದದ. ತಾ ಹದಿಮೂರು ವರ್ಷ ಪುಸ್ತಕ ಹಿಡದು ಕಲಿಸಿದ್ರೂ ತನಗ ಬಂದಿಲ್ಲ.

ಆಮ್ರಪಾಲಿ ಕೆಳಗ ಇಳದು ಬಂದು, ತನಗ ಹೊದಿಸಿದ ಶಾಲು ತಗದು ಅವನ ಹೆಗಲಿಗಿ ಹಾಕಿದಳು. ಹಾಕೋವಾಗ ಕಿವಿ ಹತ್ತರ ಬಂದು ಸಣ್ಣ ದನಿಲೆ ಅಂದಳು:

“ಕಡೀ ಸಾಲು ನಾ ಹೇಳಲಿಲ್ಲರಿ ಸರ್. ‘ಹದಿನೈದು ವರ್ಷದ ಹಿಂದ ನಿಮ್ಮ ಮುಂದ ಕುಂತಾಗ ನನ್ನ ಬಾಯಿಂದ ಮಾತೇ ಬರಲಿಲ್ಲ, ಇಕಿಗಿ ಬರ್ತದ’ ಅಂತ ಬರದಿದ್ದಿರಲ್ಲ, ಅದು. ಅದು ಓದಿದಾಗ ಅಲ್ಲಿ ಯಾರೂ ನಗಲಿಲ್ಲ.”

ಬಾಜು ಕುಂತ ಸುಭದ್ರಾಬಾಯಿಗಿ ಕಿವಿ ಮಂದ. ಆಕಿ ಅವನ ತೋಳು ಜಗ್ಗಿ ಕೇಳಿದಳು: “ಏನಂದಳೋ ಕೈಲಾಶ, ಪೋರಿ ಕಿವ್ಯಾಗ?”

ಕೈಲಾಶ ಶಾಲಿನ ತುದಿ ಮುಷ್ಟ್ಯಾಗ ಹಿಡದು, ಮುದುಕಿ ಕಿವಿ ಕಡಿ ಬಗ್ಗಿದ.

“ಆಯಿಗಿ ಜ್ವಾಕಿಲೆ ನೋಡಕೋರಿ ಅಂದಳು,” ಅಂದ.