ಬ್ರೋಕರನ ಪಾರ್ಟು

ಲಿಂಗಸುಗೂರಿನ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವುದು ನನ್ನ ಕೆಲಸ. ಮೀಸೆ ಮೂಡುವ ಮುಂಚಿನಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಸುಮ್ಮನೆ ನೋಡಿ ಹೋಗೋಣವೆಂದು ಬಂದವರು ಎರಡು ಸೀರೆ ಬಗಲಲ್ಲಿಟ್ಟುಕೊಂಡು ಮೆಟ್ಟಿಲಿಳಿಯುವಂತೆ ಮಾಡಬಲ್ಲೆ. ಜಂಬಕ್ಕೆ ಹೇಳುತ್ತಿಲ್ಲ, ಮುಂದಿನ ಮಾತಿಗೆ ಇದು ಬೇಕು.

ಈ ಬಾಯಿ ನೋಡಿಯೇ ಟೀಚರಮ್ಮ ನನ್ನನ್ನು ಬೀದಿನಾಟಕಕ್ಕೆ ಎಳೆದದ್ದು. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು, ನಮ್ಮ ಅಂಗಡಿಯ ಹಳೆಯ ಗಿರಾಕಿ. ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ ಎಂದು ಬಂದು, ನಮ್ಮ ಕಡೆಯ ಬಡವರ ಹೆಣ್ಣುಮಕ್ಕಳಿಗೆ ದೂರದ ರಾಜ್ಯದಲ್ಲಿ ಮದುವೆ ಮಾಡಿಸುತ್ತೇವೆಂದು ಕರೆದೊಯ್ದು ಮಾರಿಬಿಡುವ ಬ್ರೋಕರರ ಮೇಲೆ ಒಂದು ನಾಟಕ ಬರೆದಿದ್ದರು. ಹಳ್ಳಿ ಹಳ್ಳಿಗೆ ಹೋಗಿ ಆಡಿ ಜನರನ್ನು ಎಚ್ಚರಿಸಬೇಕೆಂದು ಅವರ ಹಟ.

“ಎಲ್ಲಾ ಪಾರ್ಟುಗಳಿಗೂ ಮಂದಿ ಸಿಕ್ಕಾರ. ಬ್ರೋಕರನ ಪಾರ್ಟು ಮಾತ್ರ ಯಾರೂ ಮಾಡವಲ್ರು. ನೀ ಬಾರಪ್ಪಾ” ಅಂದರು. ನನಗೂ ಒಳಗೊಳಗೇ ಆಸೆ ಇತ್ತು, ಹೋದೆ.

ಆಗ ನನ್ನ ಬ್ರೋಕರ್ ಹೇಗಿದ್ದ ಗೊತ್ತೇ? ಕಪ್ಪು ಕನ್ನಡಕ, ಕೊರಳಿಗೆ ಕಟ್ಟಿದ ಕೆಂಪು ದಸ್ತಿ, ಕಾಡಿಗೆಯಲ್ಲಿ ತೀಡಿದ ಮೀಸೆ. ಹುಡುಗಿಯನ್ನು ಕಂಡ ಕೂಡಲೇ ತುಟಿ ಸವರಿಕೊಂಡು ಹೆ ಹೆ ಹೆ ಎಂದು ನಗುತ್ತಿದ್ದ. ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಆಡಿದಾಗ ಹಮಾಲರು ಭತ್ತದ ಚೀಲ ಇಳಿಸಿ ಬಂದು ನಿಂತು ನೋಡಿದರು. ಹಟ್ಟಿಯ ಕಾಲನಿಯಲ್ಲಿ ಚಿನ್ನದ ಗಣಿಯ ಪಾಳಿ ಮುಗಿಸಿ ಬಂದವರು ಸೀಟಿ ಹೊಡೆದರು. ಕೊನೆಗೆ ನಾಟಕದ ಪೊಲೀಸರು ಬಂದು ನನ್ನನ್ನು ಎಳೆದೊಯ್ಯುವಾಗ ಹೆಂಗಸರು ನಿಂತಲ್ಲಿಂದಲೇ ಶಾಪ ಹಾಕುತ್ತಿದ್ದರು. ಚಹಾದಂಗಡಿಯಲ್ಲಿ ಗೆಳೆಯರು “ಏನ್ಲೇ ಬ್ರೋಕರಾ, ಇವತ್ತ ಯಾರ ಮನಿ ಹಾಳ ಮಾಡಿ ಬಂದಿ?” ಎಂದು ಕಾಡುತ್ತಿದ್ದರು. ನಾನು ಉಬ್ಬಿಹೋಗಿದ್ದೆ.

ಅದೇ ದಿನಗಳಲ್ಲಿ ಟೀಚರಮ್ಮ ಒಬ್ಬ ಹುಡುಗಿಯನ್ನು ನಮ್ಮ ಅಂಗಡಿಗೆ ಕರೆತಂದರು. ಮಸ್ಕಿಯಿಂದ ಒಳಗೆ ಹೋಗುವ ಒಂದು ಸಣ್ಣ ಹಳ್ಳಿಯವಳು. ನಾವು ನಾಟಕದಲ್ಲಿ ಆಡುತ್ತಿದ್ದುದು ಅವಳ ಬಾಳಿನಲ್ಲಿ ನಡೆದುಹೋಗಿತ್ತು. ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡು ರಾಯಚೂರಿನಲ್ಲಿ ರೈಲು ಹತ್ತಿದವಳು ಇಳಿದ ಊರಿನಲ್ಲಿ ಗಂಡನ ಮನೆ ಅಂತ ಇರಲಿಲ್ಲ, ರೊಕ್ಕ ಕೊಟ್ಟು ತರಿಸಿಕೊಂಡವರ ಮನೆ ಇತ್ತು. ಹೇಗೋ ತಪ್ಪಿಸಿಕೊಂಡು ಬಂದಳು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ. ಊರಿಗೆ ಹೋದರೆ ತಾಯಿ ಅತ್ತಳು, ಉಣ್ಣಿಸಿದಳು, ಆಮೇಲೆ “ನಿನ್ನ ತಂಗೀದೊಂದು ಮದುವಿ ಆಗಲಿ, ಅಲ್ಲೀತನಕ ಊರಿಗೆ ಬರಬ್ಯಾಡ” ಅಂದಳಂತೆ. ನಮ್ಮ ಅಂಗಡಿಯ ಸೇಠ ಒಳ್ಳೆಯವನು, ಮೂಲೆಯಲ್ಲಿ ಒಂದು ಮಷಿನ್ ಹಾಕಿಸಿಕೊಟ್ಟ. ಸೀರೆಗಳಿಗೆ ಫಾಲ್, ಪಿಕೋ ಹಾಕುತ್ತ ಕೂತಳು. ರಾತ್ರಿ ಟೀಚರಮ್ಮನ ಮನೆಯಲ್ಲಿ ಇರುತ್ತಿದ್ದಳು.

ನಮ್ಮ ತಾಲೀಮು ಟೀಚರಮ್ಮನ ಅಂಗಳದಲ್ಲೇ ನಡೆಯುತ್ತಿತ್ತು. ಅವಳು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಮಷಿನ್ ನಿಲ್ಲಿಸಿ, “ಅಣ್ಣಾರ, ಅವ ಹಂಗಿರಲಿಲ್ರಿ” ಅಂದಳು.

“ಯಾರವ್ವಾ?”

“ಬ್ರೋಕರ್. ಕನ್ನಡಕ ಹಾಕ್ಕೊಂಡು ಹಂಗ ನಕ್ಕಿದ್ರ ನಮ್ಮವ್ವ ಕಸಬರಿಗಿ ತಗೊಂಡು ಹೊಡಿತಿದ್ಲು. ಅಂಗಡ್ಯಾಗ ನೀವು ಮಾತಾಡ್ತೀರಲ್ಲ, ಹಂಗ ಮಾತಾಡ್ತಿದ್ದ ಅವ.”

ನನ್ನ ಮೈ ಉರಿದುಹೋಯಿತು. ನಾನೇನು ಜನರನ್ನು ಮಾರುತ್ತೇನೆಯೇ? ಆ ದಿನ ಅವಳ ಜೊತೆ ಮಾತಾಡಲಿಲ್ಲ. ಆದರೆ ಟೀಚರಮ್ಮನಿಗೆ ಸುದ್ದಿ ಮುಟ್ಟಿತು, ಅವರು ಬಿಟ್ಟಾರೆಯೇ? ನಾಟಕ ಬದಲಾಯಿತು. ಹುಡುಗಿ ಅಂಗಳದಲ್ಲಿ ಕೂತು ಒಂದೊಂದಾಗಿ ಹೇಳಿದಳು. ಆ ಬ್ರೋಕರ್ ಚಪ್ಪಲಿ ಹೊರಗೆ ಬಿಟ್ಟು ಬಂದ. ಮೊದಲು ನೀರು ಕೇಳಿದ. ಹುಡುಗಿಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಅವ್ವ ಬಡಿದ ರೊಟ್ಟಿ ತಿಂದು, ಇಂಥ ರೊಟ್ಟಿ ತಿಂದು ಎಷ್ಟು ದಿನ ಆಗಿತ್ತು ಅಂದ. ವರದಕ್ಷಿಣೆಯ ಮಾತು ಬಂದಾಗ ಮುಖ ಸಣ್ಣದು ಮಾಡಿಕೊಂಡು, “ಮಗಳನ್ನ ಕೊಡಾಕತ್ತೀರಿ, ಮ್ಯಾಲ ರೊಕ್ಕಾನೂ ಕೊಡ್ತೀರೇನು?” ಅಂದ. ಏಳುವಾಗ “ಅವಸರಿಲ್ಲ, ವಿಚಾರ ಮಾಡ್ರಿ” ಅಂದ. ಇದನ್ನೆಲ್ಲ ಹೇಳುವಾಗ ಅವಳ ದನಿ ಎಲ್ಲೂ ನಡುಗಲಿಲ್ಲ.

ಕನ್ನಡಕ, ದಸ್ತಿ, ಮೀಸೆ ಎಲ್ಲ ಪೆಟ್ಟಿಗೆ ಸೇರಿದವು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅಂಗಡಿಯಲ್ಲಿ ಮಾತಾಡುವ ಹಾಗೆಯೇ ಮಾತಾಡಿದೆ. ಪಾಮನಕಲ್ಲೂರಿನಲ್ಲಿ ಮೊದಲ ಸಲ ಹಾಗೆ ಆಡಿದಾಗ ಒಬ್ಬರೂ ನಗಲಿಲ್ಲ. ಪೊಲೀಸರು ನನ್ನನ್ನು ಹಿಡಿದಾಗ ಒಬ್ಬ ಮುದುಕ ಎದ್ದು ನಿಂತು, “ಪಾಪ, ಆ ಮನಷ್ಯಾ ಏನ್ ಮಾಡ್ಯಾನ್ರಿ? ಚಲೋ ಮಾತಾಡ್ಯಾನ” ಎಂದು ಜಗಳಕ್ಕೇ ಬಂದ. ಟೀಚರಮ್ಮನಿಗೆ ಖುಷಿಯೋ ಖುಷಿ, ಈಗ ನಾಟಕ ನಿಜವಾಯಿತು ಅಂದರು. ನನಗೆ ಮಾತ್ರ ಆ ಮುದುಕನ ಮುಖ ಮನಸ್ಸಿನಿಂದ ಹೋಗಲಿಲ್ಲ.

ಆಮೇಲೆ ಹುಡುಗಿ ಒಂದೇ ಒಂದು ಮಾತು ಕೇಳಿಕೊಂಡಳು. ನಾಟಕ ಅವಳ ಊರಿನಲ್ಲಿ ಆಡಬೇಕು, ಅವಳವ್ವ ನೋಡಬೇಕು. ತಂಗಿಗೆ ಹದಿನೇಳು ನಡೆಯುತ್ತಿತ್ತು. ಹತ್ತನೆಯದು ಪಾಸಾಗಿ ಮನೆಯಲ್ಲಿ ಕೂತಿದ್ದಳು. ಅವ್ವ ದೂರದ ಸಂಬಂಧ ಹುಡುಕುತ್ತಿದ್ದಾಳೆಂದು ತಂಗಿಯೇ ಕದ್ದು ಫೋನಿನಲ್ಲಿ ಹೇಳಿದ್ದಳು. “ನಾ ಹೇಳಿದ್ರ ಅವ್ವ ಬರೇ ಅಳ್ತಾಳ. ನೀವು ತೋರಿಸ್ರಿ. ನೋಡಿದ್ರ ತಿಳಿತೈತಿ” ಅಂದಳು.

ಹೋದೆವು. ಹನುಮಪ್ಪನ ಗುಡಿಯ ಕಟ್ಟೆಯ ಮುಂದೆ, ಇಳಿ ಹೊತ್ತಿನಲ್ಲಿ. ಹುಡುಗಿ ಟೆಂಪೋದಿಂದ ಇಳಿಯಲಿಲ್ಲ, ವೇಲಿನಿಂದ ಮುಖ ಮುಚ್ಚಿಕೊಂಡು ಡ್ರೈವರ್ ಸೀಟಿನ ಪಕ್ಕದಲ್ಲೇ ಕೂತಳು. ಕಿಟಕಿಯಿಂದಲೇ ತಾಯಿಯನ್ನು ನನಗೆ ತೋರಿಸಿದಳು. ಬಡಕಲು ಹೆಂಗಸು, ಎಲ್ಲರಿಗಿಂತ ಮುಂದೆ ಕೂತಿದ್ದಳು. ನಾಟಕದ ಉದ್ದಕ್ಕೂ ನಾನು ಅವಳಿಗೊಬ್ಬಳಿಗೇ ಆಡಿದೆ. ಮಗಳನ್ನು ರೈಲು ಹತ್ತಿಸುವ ಭಾಗದಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಕೊನೆಗೆ ಟೀಚರಮ್ಮ ಎದ್ದು, ಹದಿನೆಂಟು ತುಂಬುವ ಮೊದಲು ಮದುವೆ ಮಾಡಿದರೆ ಅಪರಾಧ, ಅನುಮಾನ ಬಂದರೆ ಸಹಾಯವಾಣಿಗೆ ಫೋನ್ ಮಾಡಿರಿ ಎಂದು ಹೇಳುವಾಗಲೂ ಆಕೆ ತಲೆಯಾಡಿಸುತ್ತಿದ್ದಳು. ಗೆದ್ದೆವು ಅಂದುಕೊಂಡೆ ನಾನು.

ಜನ ಚದುರಿದ ಮೇಲೆ ಆಕೆ ನನ್ನ ಹತ್ತಿರ ಬಂದಳು. ನಾನು ಟೆಂಪೋಕ್ಕೆ ಸಾಮಾನು ಏರಿಸುತ್ತಿದ್ದೆ.

“ಅಣ್ಣಾರ, ನನ್ನ ಹಿರೇಮಗಳಿಗೂ ಹಿಂಗ ಆತ್ರಿ. ಇದ್ದದ್ದು ಇದ್ದಂಗ ಮಾಡಿದ್ರಿ.”

“ತಿಳೀತಲ್ರಿ ಅಕ್ಕಾರ, ಸಣ್ಣಾಕಿನ್ನರ ಜೋಪಾನ ಮಾಡ್ರಿ.”

“ಅದಕ್ಕ ಬಂದೀನ್ರಿ. ಅಕ್ಕ ತಿರುಗಿ ಬಂದಾಳಂತ ಈ ಸೀಮ್ಯಾಗ ಸಣ್ಣಾಕಿನ್ನ ಯಾರೂ ಕೇಳವಲ್ರು. ಬಂದವ್ರು ಸುದ್ದಿ ಕೇಳಿ ಹೊಸ್ತಿಲದಾಗಿಂದ ಹೊಳ್ಳಿ ಹೋಗ್ತಾರ. ಸುದ್ದಿ ಮುಟ್ಟಲಾರದಷ್ಟು ದೂರ ಕೊಡಬೇಕ್ರಿ. ನಿಮಗ ಅಂಥವ್ರು ಗೊತ್ತಿರ್ತಾರ. ಚಲೋ ಮನಿ ಒಂದು ನೋಡ್ರಿ.”

“ನಾ ಬ್ರೋಕರ್ ಅಲ್ರಿ ಅಕ್ಕಾರ. ಸೀರಿ ಅಂಗಡ್ಯಾಗ ಇರ್ತೀನಿ. ಇದು ನಾಟಕ” ಅಂದೆ.

“ನಾಟಕ ಅಂತ ಗೊತ್ತೈತ್ರಿ, ನನಗೇನು ಹುಚ್ಚಿಲ್ಲ. ಆದ್ರ ನಿಮ್ಮಂಗ ಮಾತಾಡೋರು ಮೋಸ ಮಾಡಾಂಗಿಲ್ಲ. ಅವಸರಿಲ್ರಿ. ದೀಪಾವಳಿ ದಾಟಿದ್ರ ಇಕಿಗೆ ಹದಿನೆಂಟು ತುಂಬ್ತಾವ. ತುಂಬಿದ ಮ್ಯಾಲ ಯಾರೂ ಹಿಡಿಯಾಂಗಿಲ್ಲಂತ ಟೀಚರು ಈಗ ಹೇಳಿದ್ರಲ್ಲ.”

ಟೀಚರಮ್ಮ ಹೇಳಿದ್ದು ಅದಲ್ಲ. ಆದರೆ ಆಕೆಗೆ ಕೇಳಿಸಿದ್ದು ಅದು. ಒಲ್ಲೆ ಎಂದು ಎಷ್ಟು ಹೇಳಿದರೂ ಬಿಡಲಿಲ್ಲ, ನನ್ನ ನಂಬರು ಇಸಿದುಕೊಂಡೇ ಹೋದಳು. ನಿಜ ಹೇಳುತ್ತೇನೆ, ಆ ತಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆಕೆಯ ಜಾಗದಲ್ಲಿ ನಿಂತು ನೋಡಿದರೆ ಆಕೆಯ ಲೆಕ್ಕ ಸರಿಯಾಗಿಯೇ ಇತ್ತು. ಅದೇ ನನ್ನನ್ನು ಕಂಗಾಲು ಮಾಡಿದ್ದು.

ಟೆಂಪೋದ ಕಿಟಕಿ ತೆರೆದೇ ಇತ್ತು. ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು. ಕಾಲುವೆ ದಾಟಿದ ಮೇಲೆ, “ಒಲ್ಲೆ ಅನ್ನಬಾರದಿತ್ರಿ ಅಣ್ಣಾರ” ಅಂದಳು. “ಅವ್ವ ಫೋನ್ ಮಾಡ್ತಾಳ. ನೋಡಾಕತ್ತೀನಿ ಅನ್ರಿ. ನೀವು ನೋಡಾಕತ್ತೀರಿ ಅಂದ್ರ ಬ್ಯಾರೆಯವ್ರನ್ನ ಹುಡುಕಾಂಗಿಲ್ಲ.”

ಹಾಗಾಗಿ ನಾನು ಬ್ರೋಕರನಾದೆ. ಮಸ್ಕಿಯ ಸಂತೆಗೆ ಬಂದ ದಿನ ಆಕೆ ಫೋನ್ ಮಾಡುತ್ತಿದ್ದಳು. ನಾನು ಮಡಿಲಲ್ಲಿ ಅರ್ಧ ಬಿಚ್ಚಿದ ಸೀರೆ ಇಟ್ಟುಕೊಂಡು, “ನೋಡಾಕತ್ತೀನಿ ಅಕ್ಕಾರ, ಚಲೋದು ಸಿಗಬೇಕಲ್ರಿ” ಅನ್ನುತ್ತಿದ್ದೆ. ಒಂದು ಸಲ ಹುಡುಗ ಕುಡಿಯುತ್ತಾನೆ ಅಂದೆ, ಇನ್ನೊಂದು ಸಲ ಅತ್ತೆ ಬಲು ಜೋರು ಅಂದೆ. ಇಲ್ಲದ ವರಗಳನ್ನು ಹುಟ್ಟಿಸುವುದು, ಮತ್ತೆ ನಾನೇ ಬೇಡವೆನ್ನುವುದು. “ನಿಮ್ಮಷ್ಟು ಕಾಳಜಿ ತಗೊಂಡು ನೋಡೋರು ಯಾರದಾರ್ರಿ!” ಎಂದು ಆಕೆ ಹರಸುತ್ತಿದ್ದಳು. ನಾನು ಮಾತಾಡುವಾಗ ಮೂಲೆಯಲ್ಲಿ ಮಷಿನ್ ನಿಲ್ಲುತ್ತಿತ್ತು, ಫೋನ್ ಇಟ್ಟ ಮೇಲೆ ಮತ್ತೆ ಶುರುವಾಗುತ್ತಿತ್ತು.

ಟೀಚರಮ್ಮ ಸುಮ್ಮನೆ ಕೂತಿರಲಿಲ್ಲ. ತಂಗಿಯನ್ನು ಮಸ್ಕಿಯ ಕಾಲೇಜಿಗೆ ಹಾಕಿ ಹಾಸ್ಟೆಲಿನಲ್ಲಿ ಇಡುತ್ತೇನೆಂದು ಎರಡು ಸಲ ಆ ಊರಿಗೆ ಹೋಗಿಬಂದರು. ತಾಯಿ ಚಹಾ ಕೊಟ್ಟು, “ಮದುವಿ ಆಗೋ ಹುಡುಗಿಗೆ ಕಾಲೇಜ್ಯಾಕ್ರೀ” ಅಂದಳು. ಊರ ಹಿರಿಯರು ನಮ್ಮ ಊರಲ್ಲಿ ಅಂಥದ್ದೇನೂ ಇಲ್ಲ ಅಂದರು. ಅದೇ ಕಟ್ಟೆಯ ಮುಂದೆ ಕೂತು ನಾಟಕ ನೋಡಿ ಕಣ್ಣು ಒರೆಸಿಕೊಂಡವರೇ ಅವರೂ.

ದೀಪಾವಳಿ ದಾಟಿತು. ಮದುವೆ ಸೀರೆಗಳ ಗದ್ದಲ, ಉಸಿರಾಡಲು ಪುರಸೊತ್ತಿರಲಿಲ್ಲ. ಎರಡು ಸಂತೆ ಆಕೆಯ ಫೋನ್ ಬರಲಿಲ್ಲ. ಮೂರನೆಯದಕ್ಕೆ ಬಂತು. ದನಿಯಲ್ಲಿ ಹಿಗ್ಗು ಇತ್ತು.

“ಅಣ್ಣಾರ, ಇನ್ನ ನಿಮಗ ತ್ರಾಸ ಬ್ಯಾಡ್ರಿ. ಒಬ್ರು ಬಂದಿದ್ರು. ಚಪ್ಪಲಿ ಹೊರಗ ಬಿಟ್ಟು ಬಂದು ನೀರು ಕೇಳಿ ಕುಡದ್ರು. ರೊಕ್ಕದ ಮಾತ ಎತ್ತಲಿಲ್ಲ. ಅವಸರಿಲ್ಲ, ವಿಚಾರ ಮಾಡ್ರಿ ಅಂದ್ರು. ಥೇಟ್ ನಿಮ್ಮಂಗ ನೋಡ್ರಿ!”

ಅಂಗಡಿ ತುಂಬ ಗಿರಾಕಿಗಳಿದ್ದರು, ನಾನು ಕಿರುಚಿಬಿಟ್ಟೆ. “ಅಕ್ಕಾರ, ಹಂಗ ಬಂದವ್ರೇ ಮೋಸ ಮಾಡೋದು! ನಾಟಕದಾಗ ತೋರಿಸಿದ್ದು ಅದನ್ನೇ!”

ಆಕೆ ಸಮಾಧಾನ ಮಾಡುವ ದನಿಯಲ್ಲಿ, “ಸಿಟ್ಟಾಗಬ್ಯಾಡ್ರಿ ಅಣ್ಣಾರ. ನೀವೂ ಇಷ್ಟು ದಿನ ಕಷ್ಟಪಟ್ಟೀರಿ. ನಿಮಗೂ ಏನರ ಒಂದು ಮುಟ್ಟಸ್ತೀನಿ” ಅಂದು ಫೋನ್ ಇಟ್ಟಳು.

ಟೀಚರಮ್ಮ ಸಹಾಯವಾಣಿಗೆ ಫೋನ್ ಮಾಡಿದರು. ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡರು, ನಾಳೆ ಬಂದು ಮಾತಾಡುತ್ತೇವೆ ಅಂದರು. ವಯಸ್ಸು ತುಂಬಿದವಳು, ಬೇಡ ಅನ್ನಬೇಕಾದವಳು ಅವಳೇ ಎಂದೂ ಹೇಳಿದರು. ಹುಡುಗಿ ತಂಗಿಗೆ ಫೋನ್ ಹಚ್ಚಿದಳು. “ಇಲ್ಲಿ ಕೂತು ನಾ ಏನ್ ಮಾಡ್ಲೇ ಅಕ್ಕಾ, ಅವ್ವ ಹೇಳಿದಂಗ ಹೋಗ್ತೀನಿ” ಅಂತ ಆ ಮಗು ಅಂದಿತಂತೆ.

ಹುಡುಗಿ ಕತ್ತರಿಯನ್ನು ಮಷಿನ್ನಿನ ಮೇಲಿಟ್ಟು ಚೀಲ ಹೆಗಲಿಗೆ ಹಾಕಿಕೊಂಡಳು. ಬರಬೇಡವೆಂದ ಊರಿಗೆ ಹಗಲಲ್ಲೇ, ಮುಖ ಮುಚ್ಚಿಕೊಳ್ಳದೆ ಹೊರಟಳು. ನಾನು ಬಸ್ ಸ್ಟ್ಯಾಂಡಿನ ತನಕ ಹಿಂದೆ ಹಿಂದೆಯೇ ಹೋದೆ. ಮಸ್ಕಿಯ ಬಸ್ಸು ನಿಂತಿತ್ತು. ಅವಳು ಹತ್ತಿದಳು. ನಾನೂ ಹತ್ತಲೆಂದು ಕಂಬಿ ಹಿಡಿದು ಮೆಟ್ಟಿಲಿಗೆ ಕಾಲಿಟ್ಟೆ.

“ನೀವು ಬರಬ್ಯಾಡ್ರಿ ಅಣ್ಣಾರ” ಅಂದಳು. ಅವಳ ದನಿಯಲ್ಲಿ ಬೇಸರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. “ನಿಮ್ಮ ಮಾರಿ ನೋಡಿದ್ರ ಅವ್ವಗ ಆ ಬಂದವನ ಮ್ಯಾಲ ಇನ್ನಾ ನಂಬಿಕಿ ಬರತೈತಿ.”

ನಾನು ಕಂಬಿ ಬಿಟ್ಟು ಕೆಳಗಿಳಿದೆ.