ಐದನೇ ದನಿ

ಕಿವಿ ಡಾಕ್ಟರು ಡ್ರಾಯರಿನಿಂದ ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ತೆಗೆದು ಮೊಣಕೈಗೆ ತಟ್ಟಿದರು. ಹೈಸ್ಕೂಲಿನ ಪುಸ್ತಕದಲ್ಲಿ ಅದಕ್ಕೆ ಶ್ರುತಿಕವೆ ಎಂದಿತ್ತು. ಕಾಲೇಜಿನ ಲ್ಯಾಬಿನಲ್ಲಿ ನಾವೆಲ್ಲ ಫೋರ್ಕು ಎನ್ನುತ್ತಿದ್ದೆವು. ಬಲಗಿವಿಯ ಹತ್ತಿರ ಹಿಡಿದಾಗ ಅದು ಚೆನ್ನಾಗಿ ಕೇಳಿಸಿತು. ಎಡಗಿವಿಯ ಹತ್ತಿರ ಹಿಡಿದಾಗ ಏನೂ ಇಲ್ಲ. ಕವಲುಗಳು ನಡುಗುತ್ತಿರುವುದು ಓರೆಗಣ್ಣಿಗೆ ಕಾಣುತ್ತಿತ್ತು, ಅಷ್ಟೆ. ಆಮೇಲೆ ಅದರ ಬುಡವನ್ನು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿದರು. ತಲೆಯ ಒಳಗೆಲ್ಲೋ ಆ ಸ್ವರ ಎದ್ದು ನಿಂತಿತು. ಅದರ ಜೊತೆಗೆ, ನಾನು ಕರೆಯದಿದ್ದರೂ, ಪಾಲಿಶ್ ಕಿತ್ತುಹೋದ ಮರದ ಮೇಜಿನ ವಾಸನೆಯೂ ಬಂತು...

ಆ ಮೇಜು ನಂಜನಗೂಡಿನಲ್ಲಿ ನಾನು ಓದಿದ ಕಾಲೇಜಿನ ಫಿಸಿಕ್ಸ್ ಲ್ಯಾಬಿನದು. ಅದನ್ನು ಒರೆಸುತ್ತಿದ್ದವರು ಲ್ಯಾಬಿನ ಅಟೆಂಡರ್. ಅವರಿಗೆ ಒಂದು ಹೆಸರಿತ್ತು ಎನ್ನುವುದೇ ಮರೆತುಹೋಗುವಷ್ಟು ನಾವು ಅವರನ್ನು ಲ್ಯಾಬಣ್ಣ ಎಂದೇ ಕರೆದೆವು.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಯೂನಿವರ್ಸಿಟಿಯಲ್ಲಿ ಓದಿದ ಮೇಲೆ ನನಗೆ ಅಂಟಿಕೊಂಡ ರೋಗವೆಂದರೆ ಯಾವುದನ್ನೂ, ನನ್ನ ನೆನಪನ್ನೂ, ಸಾಕ್ಷಿ ಇಲ್ಲದೆ ನಂಬದಿರುವುದು. ಆದ್ದರಿಂದ ಇದನ್ನು ಬರೆಯುವಾಗಲೂ ಎರಡೆರಡು ಸಲ ತಡೆದು ನಿಲ್ಲುತ್ತಿದ್ದೇನೆ. ಅವರ ಸ್ವೆಟರ್ ಕಂದು ಬಣ್ಣದ್ದೋ, ಹಸಿರಿನದೋ? ಗೊತ್ತಿಲ್ಲ. ಬೇಸಿಗೆಯಲ್ಲೂ ಅದನ್ನು ಹಾಕಿಕೊಂಡಿರುತ್ತಿದ್ದರು ಎನ್ನುವುದು ಮಾತ್ರ ಗೊತ್ತು.

ಲ್ಯಾಬಣ್ಣನ ಊರು ಕವಲಂದೆಯ ಪಕ್ಕದ ಒಂದು ಹಳ್ಳಿ. ವಯಸ್ಸಿನಲ್ಲಿ ಕೆಲವು ವರ್ಷ ಮೈಸೂರಿನ ಒಂದು ಚರ್ಚಿನ ಆವರಣದಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸ ಮಾಡಿದ್ದರು. ಅಲ್ಲಿ ಶನಿವಾರ ಶನಿವಾರ ಹಾಡಿನ ಅಭ್ಯಾಸ ನಡೆಯುತ್ತಿತ್ತಂತೆ. ಹೆಂಗಸರು ಎರಡು ದಾರಿ, ಗಂಡಸರು ಎರಡು ದಾರಿ, ಒಟ್ಟು ನಾಲ್ಕು ದಾರಿಯಲ್ಲಿ ಹೋಗಿ ಒಂದೇ ಊರು ಸೇರುವ ಹಾಡು. ಇವರು ಪೈಪು ಹಿಡಿದುಕೊಂಡು ಕಿಟಕಿಯ ಕೆಳಗೆ ನಿಂತು ಕೇಳುತ್ತಿದ್ದರಂತೆ. "ಅವತ್ತೆಲ್ಲ ಆ ಕಿಟಕಿ ಕೆಳಗಿನ ಗಿಡಕ್ಕೆ ನೀರು ಎಚ್ಚಾಗಿ ಕೊಳ್ತೋಗ್ಬುಡ್ತು ಕಣಪ್ಪ," ಎಂದು ನಗುತ್ತಿದ್ದರು.

ನಮ್ಮ ಕಾಲೇಜಿನ ಗಾಯನ ತಂಡವನ್ನು ಕಟ್ಟಿದವರು ಅವರೇ, ಒಬ್ಬ ಅಟೆಂಡರ್. ಪ್ರಾಕ್ಟಿಕಲ್ ಮುಗಿದ ಮೇಲೆ ಮಧ್ಯಾಹ್ನ ಹದಿಮೂರು ಜನ ಲ್ಯಾಬಿನಲ್ಲಿ ಸೇರುತ್ತಿದ್ದೆವು. ಹಾರ್ಮೋನಿಯಂ ಇರಲಿಲ್ಲ. ಲ್ಯಾಬಣ್ಣ ಪೆಟ್ಟಿಗೆಯಿಂದ ಸೆಕೆಂಡಿಗೆ ಇನ್ನೂರ ಐವತ್ತಾರು ಸಲ ನಡುಗುವ ಫೋರ್ಕು ತೆಗೆದು, ರಬ್ಬರಿಗೆ ಬಡಿದು, ಅದರ ಬುಡವನ್ನು ಉದ್ದನೆಯ ಮೇಜಿನ ಮೇಲೆ ನಿಲ್ಲಿಸುತ್ತಿದ್ದರು. ಇಡೀ ಮೇಜು ಗುಂಯ್ ಎನ್ನುತ್ತಿತ್ತು. "ಕಿವಿ ಬ್ಯಾಡ, ಅಣೆ ಮಡಗ್ರಲಾ," ಎನ್ನುತ್ತಿದ್ದರು. ಹದಿಮೂರು ಜನವೂ ಮೇಜಿಗೆ ಹಣೆ ಇಟ್ಟು ಶ್ರುತಿ ತೆಗೆದುಕೊಳ್ಳಬೇಕು. ಬಾಗಿಲಲ್ಲಿ ಹಾದುಹೋಗುವ ಕಾಮರ್ಸಿನ ಹುಡುಗರು, "ಏನ್ರೋ, ಫಿಸಿಕ್ಸ್ ದೇವರಿಗೆ ಅಡ್ಡಬಿದ್ರಾ?" ಎಂದು ಕಿಚಾಯಿಸುತ್ತಿದ್ದರು. ಬೇರೆ ಯಾವ ತಂಡವೂ ಹೀಗೆ ಶ್ರುತಿ ಹಿಡಿದದ್ದನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ನಾವು ಹಾಡುತ್ತಿದ್ದದ್ದು ಬುದ್ಧ, ಧಮ್ಮ, ಸಂಘಗಳಿಗೆ ಶರಣು ಎನ್ನುವ ಬೌದ್ಧರ ತ್ರಿಸರಣ. ಪಾಲಿ ಭಾಷೆಯ ಮೂರು ಸಾಲು, ಮೂರು ಸಲ. ಲ್ಯಾಬಣ್ಣನ ಕೇರಿಯವರು ಆ ಹೊತ್ತಿಗೆ ಬೌದ್ಧರಾಗಿ ಕೆಲವು ವರ್ಷವಾಗಿತ್ತು. ಅವರ ಮನೆಗಳಲ್ಲಿ ಒಂದೇ ಸ್ವರದಲ್ಲಿ, ಮಗ್ಗಿ ಹೇಳುವಂತೆ ಹೇಳುತ್ತಿದ್ದ ಆ ಮೂರು ಸಾಲನ್ನು ಲ್ಯಾಬಣ್ಣ ನಾಲ್ಕು ದಾರಿಗೆ ಬಿಡಿಸಿದ್ದರು. ನಾನು ಕಳಲೆಯ ಒಕ್ಕಲು ಮನೆಯವನು. ನಮ್ಮ ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ದನಿ ದಪ್ಪವಿತ್ತೆಂದು ನನ್ನನ್ನು ಕೆಳಗಿನ ಸ್ವರದ ಸಾಲಿಗೆ ಹಾಕಿದ್ದರು.

ಮೊದಲ ಸಲ ನಾಲ್ಕೂ ಸರಿಯಾಗಿ ಕೂಡಿದ ಮಧ್ಯಾಹ್ನವನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ನನ್ನ ಬಾಯಿಂದ ಹೊರಟದ್ದು ನನ್ನದಾಗಿ ಉಳಿಯಲಿಲ್ಲ. ಗಾಜಿನ ಬೀರುವಿನ ಬಾಗಿಲುಗಳು ಸಣ್ಣಗೆ ಅದುರಿದವು. ಆಗ ನಮ್ಮ ಯಾರ ಸಾಲಿನಲ್ಲೂ ಇಲ್ಲದ, ನನ್ನ ದನಿಗಿಂತಲೂ ಕೆಳಗಿನ, ನೆಲದಿಂದ ಬಂದಂತಹ ಇನ್ನೊಂದು ದನಿ... ಮೈಮೇಲಿನ ಕೂದಲೆಲ್ಲ ನಿಂತಿತು. ನಾವು ಹಾಡುವುದನ್ನು ನಿಲ್ಲಿಸಿದೆವು. ಅದೂ ನಿಂತಿತು.

"ಬಂತಲ್ಲ ಐದನೇದು," ಎಂದರು ಲ್ಯಾಬಣ್ಣ. "ನಾಲ್ಕು ನೆಟ್ಗಾದ್ರೆ ಐದನೇದು ತಾನೇ ಬತ್ತದೆ. ಕರಿಯಂಗಿಲ್ಲ."

ನಾನು ಬಿಡುವವನಲ್ಲ. ಲೈಬ್ರರಿಗೆ ಹೋಗಿ ಪುಸ್ತಕ ತೆಗೆದೆ. ಎರಡು ಸ್ವರ ಜೋರಾಗಿ ಒಟ್ಟಿಗೆ ಬಂದರೆ ಅವುಗಳ ವ್ಯತ್ಯಾಸದಷ್ಟು ಕಂಪನದ ಮೂರನೆಯ ಸ್ವರವೊಂದು ಕೇಳಿಸುತ್ತದೆ, ಅದು ಹುಟ್ಟುವುದು ಹೊರಗಲ್ಲ, ಕೇಳುವವರ ಕಿವಿಯ ಒಳಗೆ ಎಂದಿತ್ತು. ಮರುದಿನ ಲ್ಯಾಬಣ್ಣನಿಗೆ ಇದನ್ನು ಗೆದ್ದವನ ಹಾಗೆ ವಿವರಿಸಿದೆ. ಅವರು ಮೇಜು ಒರೆಸುವುದನ್ನು ನಿಲ್ಲಿಸಿದರು.

"ಕಿವಿ ಒಳಗೇ ಉಟ್ಟಾದಾ? ಅಂಗಾರೆ ಕಿವಿ ಓದ್ರೆ ಅದೂ ಓಯ್ತದೆ, ಅಲ್ವಾ ಮಗ?"

ಅವರ ಎರಡೂ ಕಿವಿ ಮಂದವಾಗುತ್ತಿದ್ದವು, ಇನ್ನೊಂದು ವರ್ಷವೋ ಎರಡು ವರ್ಷವೋ ಕೇಳಿಸೀತು ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಇದು ನಮಗೆ ಅವತ್ತು ತಿಳಿಯಿತು. ಜೊತೆಗೆ ಅವರ ಆಸೆಯೂ ತಿಳಿಯಿತು. ಕಿವಿ ಹೋಗುವುದರೊಳಗೆ ಒಂದು ಸಲ, ತಮ್ಮ ಊರಿನ ವಿಹಾರದಲ್ಲಿ, ತಮ್ಮ ಜನರ ನಡುವೆ ಕುಳಿತು ಆ ಐದನೇ ದನಿ ಕೇಳಬೇಕು. ಲ್ಯಾಬಿನಲ್ಲಲ್ಲ, ಅಲ್ಲಿ.

ಊರಿಗಿಂತ ಮೊದಲು ನಾವು ಹಾಡಿದ್ದು ಟಿ. ನರಸೀಪುರದಲ್ಲಿ, ಕಾಲೇಜುಗಳ ನಡುವಿನ ಒಂದು ಕಾರ್ಯಕ್ರಮದಲ್ಲಿ. ಚಪ್ಪಾಳೆ ಬಂತು, ಬಹುಮಾನ ಬರಲಿಲ್ಲ. ತೀರ್ಪುಗಾರರಾಗಿದ್ದ ಸಂಗೀತದ ಮೇಷ್ಟ್ರು, "ಒಂದು ಶ್ರುತಿ, ಒಂದು ದಾರಿ ಇರಬೇಕು. ಇವರು ಜಾತ್ರೆಯಲ್ಲಿ ಕೈ ತಪ್ಪಿಸಿಕೊಂಡವರ ಹಾಗೆ ನಾಲ್ಕು ಕಡೆ ಹೋಗ್ತಾರೆ," ಎಂದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು, ವಂದನೆಯನ್ನು ಸ್ಪರ್ಧೆಗೆ ಇಡುವುದೇ ತಪ್ಪು ಎಂದು ಎದ್ದು ಹೋದರು. ಕ್ಯಾಂಟೀನಿನ ಹೆಂಗಸು ಮಾತ್ರ ಕೈ ಒರೆಸಿಕೊಳ್ಳುತ್ತಾ ಬಂದು, "ಅದೇನಂತ ಅರ್ಥ ಆಗ್ನಿಲ್ಲ ಕಣ್ರಪ್ಪ, ಎದೇಲಿ ಯಾರೋ ಬಾಗ್ಲು ತಗುದಂಗಾಯ್ತು," ಎಂದಳು.

ವಾಪಸು ಬರುವ ಬಸ್ಸಿನಲ್ಲಿ ಲ್ಯಾಬಣ್ಣ ಒಬ್ಬೊಬ್ಬರನ್ನೂ ಕೇಳಿದರು, ಯಾರು ಏನಂದರು ಎಂದು. ಎಂಜಿನ್ನಿನ ಸದ್ದಿಗೆ ಅವರಿಗೆ ಒಂದೂ ಕೇಳಿಸುತ್ತಿರಲಿಲ್ಲ. ಮೇಷ್ಟ್ರ ಮಾತನ್ನು ನಾನು ಮೂರು ಸಲ ಕೂಗಿ ಹೇಳಬೇಕಾಯಿತು. ಮೂರನೇ ಸಲಕ್ಕೆ ಕಂಡಕ್ಟರ್, "ಬುಡ್ರಿ ಸಾ, ಬೈಗಳ ಒಂದ್ಸಲಕ್ಕೇ ಸಾಕು," ಎಂದ. ಬಸ್ಸೆಲ್ಲ ನಕ್ಕಿತು. ಲ್ಯಾಬಣ್ಣನೂ ನಕ್ಕರು, ಏನೆಂದು ಕೇಳಿಸದಿದ್ದರೂ.

ದೊಡ್ಡ ತಕರಾರು ಬಂದದ್ದು ಅವರ ಮನೆಯಿಂದಲೇ. ಕೇರಿಯ ಯಜಮಾನರು ಅವರ ಸ್ವಂತ ಅಣ್ಣ. ಬುದ್ಧ ಪೂರ್ಣಿಮೆಯ ದಿನ ವಿಹಾರದಲ್ಲಿ ಹಾಡಲು ಅಪ್ಪಣೆ ಕೇಳಲು ಲ್ಯಾಬಣ್ಣ ನನ್ನನ್ನೂ, ಮೇಲಿನ ಸಾಲಿನಲ್ಲಿ ಹಾಡುತ್ತಿದ್ದ ಒಬ್ಬ ಹುಡುಗಿಯನ್ನೂ ಕರೆದುಕೊಂಡು ಹೋಗಿದ್ದರು. ಯಜಮಾನರು ನಮಗೆ ಮಜ್ಜಿಗೆ ಕೊಡಿಸಿ, ತಮ್ಮನ ಕಡೆ ತಿರುಗಿದರು.

"ನಮ್ಮಪ್ಪ ತಂಬೂರಿ ಇಡ್ಕಂಡು ಊರೂರು ಆಡ್ಕಂಡು ಕಾಳು ಇಸ್ಕಂಡು ಬತ್ತಿದ್ದ. ಮೇಲ್ಕೇರಿಯೋರು ಜಗಲಿ ಮ್ಯಾಲೆ ಕೂತ್ಕಂಡು ಕೇಳೋರು, ನಮ್ಮಪ್ಪ ಕೆಳಗೆ ನಿಂತ್ಕಂಡು ಆಡೋನು. ಆಡೋರು ಬ್ಯಾರೆ, ಕೇಳೋರು ಬ್ಯಾರೆ. ಅದು ಸಾಕು ಅಂತ್ಲೇ ತಾನೇ ಬುದ್ಧನ ತಾವ್ಕೆ ಬಂದಿದ್ದು? ಇಲ್ಲಿ ಎಲ್ರೂ ಬಾಯ್ಬುಟ್ಟು ಸರಣ ಏಳ್ತೀವಿ. ಕಿವುಡ್ನೂ ಏಳ್ತಾನೆ. ಈಗ ನೀನು ನಮ್ಮನ್ನ ಸುಮ್ಕೆ ಕೂತ್ಕಂಡು ಕೇಳಿ ಅಂತೀಯಲ್ಲೋ."

ನಾನು ಕೇಳಿದ ಎಲ್ಲ ಅಭಿಪ್ರಾಯಗಳಲ್ಲಿ ಇವತ್ತಿಗೂ ನನ್ನನ್ನು ಕುಟುಕುವುದು ಇದೊಂದೇ.

ಲ್ಯಾಬಣ್ಣ ತಮ್ಮ ಕಿವಿಯ ವಿಷಯ ಹೇಳಿದರು. ಅಲ್ಲಿಯವರೆಗೆ ಅಣ್ಣನಿಗೆ ಹೇಳಿರಲಿಲ್ಲ. ಯಜಮಾನರು ನಮ್ಮ ಖಾಲಿ ಲೋಟಗಳನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಒಂದ್ಸಲ. ಒಂದೇ ಸಲ ಕಣ್ಲಾ. ಜನ ಬಾಯಿ ಮುಚ್ಕಂಡಿರೋಕೆ ನಾನು ಏಳ್ತೀನಿ," ಎಂದರು.

ಪೂರ್ಣಿಮೆಯ ಬೆಳಿಗ್ಗೆ ಹದಿಮೂರರಲ್ಲಿ ಹನ್ನೊಂದು ಜನ ಹೋದೆವು. ವಿಹಾರವೆಂದರೆ ಶೀಟು ಹಾಕಿದ ಒಂದು ಹಾಲ್, ಬಿಳಿ ಬಟ್ಟೆಯ ಜನ, ಗೋಡೆಗೆ ಹೊಂದಿಸಿ ಹಾಕಿದ ಒಂದು ಮರದ ಬೆಂಚು. ಲ್ಯಾಬಣ್ಣ ಫೋರ್ಕನ್ನು ಪೆಟ್ಟಿಗೆ ಸಮೇತ ಕಾಲೇಜಿನಿಂದ ತಂದಿದ್ದರು. ಬಡಿದು ಬೆಂಚಿನ ಮೇಲೆ ನಿಲ್ಲಿಸಿದರು. ನಾವು ಹಣೆ ಇಟ್ಟು ಎದ್ದೆವು. ಮಕ್ಕಳು ಕಿಸಕ್ಕೆಂದು ನಕ್ಕವು.

ಮೊದಲ ಸಲ ನಾವೇ ಹಾಡಿದೆವು. ಸೊಗಸಾಗಿತ್ತು, ಆದರೆ ಬರಿಯ ನಾಲ್ಕು. ಎರಡನೇ ಸಲ ಶುರುವಾಗುತ್ತಿದ್ದಂತೆ ಯಾರೂ ಎಣಿಸದೆ ಇದ್ದದ್ದು ಆಯಿತು. ತ್ರಿಸರಣದ ಮೊದಲ ಸಲವನ್ನು ಮುಂದಿನವರು ಹೇಳಿದ ಮೇಲೆ ಎರಡನೆಯದಕ್ಕೆ ತಾವೂ ದನಿಗೂಡಿಸುವುದು ಆ ಜನರ ರೂಢಿ. ಯಜಮಾನರು ಎಚ್ಚರಿಸಿದ್ದರೂ ಬಾಯಿ ಕೇಳಲಿಲ್ಲ. ಮೊದಲು ಒಬ್ಬ ಮುದುಕಿ, ಆಮೇಲೆ ಅವಳ ಹಿಂದಿನ ಸಾಲು, ಆಮೇಲೆ ಇಡೀ ಹಾಲ್. ಮಗ್ಗಿಯಂತೆ, ಒಂದೇ ಸ್ವರದಲ್ಲಿ, ತಮ್ಮದೇ ವೇಗದಲ್ಲಿ. ನಮ್ಮ ನಾಲ್ಕು ದಾರಿಗಳ ನಡುವೆ ಒಂದು ಹೊಳೆ ನುಗ್ಗಿದ ಹಾಗೆ. ತಪ್ಪೆಂದು ಗೊತ್ತಾಗಿ ಯಜಮಾನರು ಕೈ ಎತ್ತಿದರು, ತಡೆಯಲು. ಎತ್ತಿದ ಕೈಯನ್ನು ಹಾಗೆಯೇ ಜೋಡಿಸಿಕೊಂಡು ಅವರೂ ಹೇಳತೊಡಗಿದರು. ಮೇಲಿನ ಸಾಲಿನ ಹುಡುಗಿ ಅಳುತ್ತಲೇ ಹಾಡುತ್ತಿದ್ದಳು.

ಲ್ಯಾಬಣ್ಣ ಮಂಡಿಯೂರಿ ಬೆಂಚಿಗೆ ಹಣೆ ಇಟ್ಟಿದ್ದರು. ಏಳಲೇ ಇಲ್ಲ.

ಮೂರನೇ ಸಲ ಆ ಒಂದು ಸ್ವರವೂ ನಮ್ಮ ನಾಲ್ಕೂ ಒಂದು ಕಡೆ ಬಂದು ನಿಂತವು. ನಿಂತಾಗ ಶೀಟು ನಡುಗಿತು, ಬೆಂಚು ನಡುಗಿತು, ಅದೆಲ್ಲದರ ಕೆಳಗಿನಿಂದ... ಅದು ಬಂತು ಎಂದು ನನಗೆ ನೆನಪು. ಅಷ್ಟು ದೊಡ್ಡದನ್ನು ನಾನು ಮತ್ತೆಂದೂ ಕೇಳಿಲ್ಲ. ಅದರ ಮುಂದೆ ನಾನು ಬಹಳ ಸಣ್ಣವನಾಗಿದ್ದೆ, ಹಾಗಿರುವುದು ಹಾಯೆನಿಸಿತ್ತು. ಅದು ಬಂತೋ, ಬರಬೇಕೆಂದು ನಾನು ಬಯಸಿದ್ದಕ್ಕೆ ಕೇಳಿಸಿತೋ ಎಂಬ ಅನುಮಾನ ಮಾತ್ರ ಪಾಯಸದ ಲೋಟ ಕೈಗೆ ಬರುವಷ್ಟರಲ್ಲೇ ಶುರುವಾಗಿತ್ತು.

ವಾರದ ಮೇಲೆ ಪ್ರಾಕ್ಟಿಕಲ್ ಪರೀಕ್ಷೆ. ಲ್ಯಾಬಣ್ಣ ಮೇಜು ಒರೆಸುವ ನೆಪದಲ್ಲಿ ನನ್ನ ಹತ್ತಿರ ಬಂದರು. ಕಿವಿ ಮಂದವಾದವರ ಪಿಸುಮಾತು ಎಲ್ಲರಿಗೂ ಕೇಳಿಸುತ್ತದೆ. ಪರೀಕ್ಷಕರೂ ತಲೆಯೆತ್ತಿದರು.

"ಬಂತಾ ಮಗ, ಅವತ್ತು?"

ನನಗೆ ಇಪ್ಪತ್ತು ವರ್ಷ. ಸತ್ಯ ಎಂದರೆ ಅಳೆದದ್ದು ಮಾತ್ರ ಎಂದು ಹೊಸದಾಗಿ ಕಲಿತಿದ್ದೆ. "ಗೊತ್ತಿಲ್ಲ ಅಣ್ಣ. ಅಳೀದೆ ಹೇಳೋಕಾಗಲ್ಲ," ಎಂದೆ.

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ತಲೆಯಾಡಿಸಿ, ಮೊದಲೇ ಒರೆಸಿದ್ದ ಜಾಗವನ್ನು ಇನ್ನೊಮ್ಮೆ ಒರೆಸಿ ಹೋದರು.

ನಾನು ಊರು ಬಿಟ್ಟೆ, ಓದಿದೆ, ಪಾಠ ಹೇಳಿದೆ, ತಿರುಗಿ ಬಂದೆ. ಅಷ್ಟರಲ್ಲಿ ಲ್ಯಾಬಣ್ಣ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಏನೂ ಕೇಳಿಸುತ್ತಿರಲಿಲ್ಲವಂತೆ.

ನನ್ನ ಕಿವಿ ಡಾಕ್ಟರು ವಾರ ಬಿಟ್ಟು ಬರಲು ಹೇಳಿದ್ದರು. ಆ ವಾರದಲ್ಲಿ ನಾನು ಟಿ. ನರಸೀಪುರಕ್ಕೆ ಹೋದೆ. ಮೇಲಿನ ಸಾಲಿನಲ್ಲಿ ಹಾಡುತ್ತಿದ್ದ ಆ ಹುಡುಗಿ ಈಗ ಅಲ್ಲಿ ಶಾಲೆಯಲ್ಲಿ ಟೀಚರ್. ಬೇರೆಯವರ ನೆನಪಿನೊಂದಿಗೆ ನನ್ನದನ್ನು ತಾಳೆ ನೋಡಬೇಕಿತ್ತು. ಪೂರ್ಣಿಮೆಯ ದಿನ ವಿಹಾರದಲ್ಲಿ ಐದನೇದು ಬಂತಲ್ಲವೇ ಎಂದು ಕೇಳಿದೆ.

"ಏನ್ ಬಂತು? ಆ ಜನ ಸೇರ್ಕೊಂಡು ಶ್ರುತಿನೇ ಇಳಿಸಿಬಿಟ್ರು," ಎಂದಳು. "ನಾನು ಅವಮಾನಕ್ಕೆ ಅಳ್ತಿದ್ದೆ. ನೀನು ಅದನ್ನ ಭಕ್ತಿ ಅಂದ್ಕೊಂಡ್ಯಾ?"

"ಲ್ಯಾಬಣ್ಣ ಬೆಂಚಿಗೆ ಹಣೆ ಇಟ್ಟಿದ್ದು?"

"ಅದು ನೆನಪಿದೆ." ಕೈಯಲ್ಲಿದ್ದ ನೋಟ್‌ಬುಕ್ಕನ್ನು ಮಡಚಿಟ್ಟಳು. "ಮಾರನೇ ದಿನ ನನ್ನನ್ನೂ ಕೇಳಿದ್ರು ಕಣೋ, ಬಂತಾ ಅಂತ. ಬಂತು ಅಂದೆ. ಸುಳ್ಳು. ನಕ್ಕು, ನೀನು ಒಳ್ಳೆ ಮಗಳು, ಅವ್ನನ್ನ ಕೇಳ್ತೀನಿ, ಅವ್ನು ಸುಳ್ಳು ಹೇಳಲ್ಲ ಅಂದ್ರು, ನಿನ್ನ ಬಗ್ಗೆ."

ಬಸ್ಸಿನಲ್ಲಿ ತಿರುಗಿ ಬರುವಾಗ ಕಿಟಕಿಯ ಕಡೆ ಎಡಗಿವಿ ಮಾಡಿಕೊಂಡು ಕುಳಿತಿದ್ದೆ. ರಸ್ತೆಯ ಸದ್ದು ಅರ್ಧವೇ ಇತ್ತು.

ಎರಡನೇ ಭೇಟಿಯಲ್ಲಿ ಡಾಕ್ಟರು ವರದಿ ನೋಡಿ ವಿವರಿಸಿದರು. ಕಿವಿಯ ಒಳಗಿನ ಒಂದು ಪುಟ್ಟ ಮೂಳೆ ಬಿಗಿದುಕೊಂಡಿದೆ. ಗಾಳಿಯಲ್ಲಿ ಬರುವ ಸದ್ದು ಒಳಗೆ ದಾಟುವುದಿಲ್ಲ. ಆದರೆ ಒಳಗಿನ ನರ ಚೆನ್ನಾಗಿದೆ, ತಲೆಯ ಮೂಳೆಯ ಮೂಲಕ ಬಂದದ್ದು ಕೇಳಿಸುತ್ತದೆ. ಲ್ಯಾಬಣ್ಣನದೂ ಇದೇ ಆಗಿತ್ತೇ? ಹಾಗಿದ್ದರೆ ಬೆಂಚಿಗೆ ಹಣೆ ಇಟ್ಟಿದ್ದಾಗ ಅವರಿಗೆ ಕೇಳಿಸಿತ್ತೇ? ಕೇಳಿಸಿದ್ದೂ ನನ್ನನ್ನು ಕೇಳಲು ಬಂದರೇ, ತಮಗೊಬ್ಬರಿಗೇ ಕೇಳಿಸಿದ್ದಲ್ಲ ಎಂದು ತಿಳಿಯಲು? ಕೇಳಬೇಕಾದವರು ಈಗಿಲ್ಲ. ಇದಕ್ಕೂ ಸಾಕ್ಷಿ ಇಲ್ಲ.

ಡಾಕ್ಟರು ಫೋರ್ಕನ್ನು ಮೊಣಕೈಗೆ ತಟ್ಟಿ, ಈ ಸಲ ಅದರ ಬುಡವನ್ನು ನನ್ನ ಹಣೆಯ ನಡುವೆ ಇಟ್ಟರು.

"ಯಾವ ಕಡೆ ಕೇಳ್ತಿದೆ?"

ಎಡಕ್ಕೆ ಕೇಳಿಸುತ್ತಿತ್ತು. ಬಲಕ್ಕಲ್ಲ, ನಡುವೆಯೂ ಅಲ್ಲ. ಸತ್ತಿದೆ ಎಂದುಕೊಂಡಿದ್ದ ಕಿವಿಯಲ್ಲಿ, ತುಂಬಿಕೊಂಡು. ಈ ತರಹದ ಕಿವುಡಿನಲ್ಲಿ ಹಾಗೆಯೇ ಆಗುತ್ತದೆಂದು ಆಮೇಲೆ ಓದಿ ತಿಳಿದುಕೊಂಡೆ. ಆ ಕ್ಷಣದಲ್ಲಿ ಗೊತ್ತಿರಲಿಲ್ಲ. ಮೈಮೇಲಿನ ಕೂದಲು ನಿಂತಿತ್ತು.

"ಬಂತು," ಎಂದೆ.

"ಯಾವ ಕಡೆ ಅಂತ ಹೇಳಿ ಸಾರ್."

ಹೇಳಿದೆ. ಅವರು ಬರೆದುಕೊಂಡು, ಫೋರ್ಕನ್ನು ಒರೆಸಿ ಡ್ರಾಯರಿನಲ್ಲಿಟ್ಟರು. ಹಣೆಯ ಮೇಲೆ ತಣ್ಣನೆಯ ಒಂದು ಚುಕ್ಕೆ ಸ್ವಲ್ಪ ಹೊತ್ತು ಉಳಿದಿತ್ತು.