ಅಮೀಬಾದ ಊಟ ಬಲ್ಲ ಚಿಕ್ಕಮ್ಮ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಕಾರಿಡಾರಿಗೆ ಇನ್ನೂ ದೀಪ ಹಾಕಿಲ್ಲ. ಮೂಲೆಯ ತಂಪು ಕೋಣೆಯಲ್ಲಿ ಮಾತ್ರ ಒಬ್ಬರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾರೆ. ಎಲ್ಲರೂ ಅವರನ್ನು ಕರೆಯುವುದು ಚಿಕ್ಕಮ್ಮ ಎಂದು. "ಚೆನ್ನಾಗಿದಾವೆ," ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ಸೀಸೆ ಎತ್ತಿಕೊಳ್ಳುತ್ತಾರೆ.

ಸೀಸೆಗಳು ಒಟ್ಟು ನಲವತ್ತಾರು. ಪಾಚಿ, ಯೀಸ್ಟ್, ಅಮೀಬಾ. ಒಂದೊಂದಕ್ಕೂ ಬೇರೆ ಊಟ, ಬೇರೆ ವೇಳೆ. ಹತ್ತೊಂಬತ್ತು ವರ್ಷದ ಹಿಂದೆ ಕಸ ಗುಡಿಸಲು ಸೇರಿದ ಚಿಕ್ಕಮ್ಮ ಇದನ್ನೆಲ್ಲ ನೋಡಿ ನೋಡಿಯೇ ಕಲಿತವರು. ಇಂದಿಗೂ ವರ್ಷವರ್ಷದ ಗುತ್ತಿಗೆ. ಜೊತೆಗಿರುವ ತಂಗಿಯ ಪ್ರಕಾರ ಅಕ್ಕ ಮಾಡುವುದು ಕೊಳಚೆ ನೀರಿನ ಬಾಣಂತನ.

ಆ ನೀರಿನಲ್ಲಿ ವಿಜ್ಞಾನಿಗಳು ಹುಡುಕುವುದೇನು? ಚಿಕ್ಕಮ್ಮ ಹೇಳುತ್ತಾರೆ: "ಜೀವಕೋಶದೊಳಗೆ ಡಿಎನ್‌ಎ ಅಂತ ಉದ್ದ ದಾರ ಇರುತ್ತೆ. ಸಿಕ್ಕಾಗದ ಹಾಗೆ ಅದನ್ನ ಹಿಸ್ಟೋನ್ ಅನ್ನೋ ಉಂಡೆಗಳಿಗೆ ಸುತ್ತಿಟ್ಟಿದೆ. ಉಂಡೆಗೆ ಸಣ್ಣ ಬಾಲ ಇರುತ್ತೆ, ಅದರ ಮೇಲೆ ಗುರುತು ಇರ್ತವೆ, ಇಲ್ಲಿ ಬಿಚ್ಚು, ಇಲ್ಲಿ ಮುಚ್ಚು ಅಂತ. ನಮಗೂ ಅವೇ, ಪಾಚಿಗೂ ಹೆಚ್ಚುಕಮ್ಮಿ ಅವೇ." ಯಾವ ಗುರುತು ಯಾರಲ್ಲಿದೆ, ಯಾರಲ್ಲಿಲ್ಲ ಎಂದು ಹೋಲಿಸುತ್ತಾ ಹೋದರೆ, ನೂರು ಕೋಟಿ ವರ್ಷಕ್ಕೂ ಹಿಂದಿನ ನಮ್ಮೆಲ್ಲರ ಮೂಲಜೀವಿ ಹೇಗಿತ್ತೆಂದು ಊಹಿಸಬಹುದು.

ಮೂವತ್ತೊಂದನೇ ಸೀಸೆಯ ಅಮೀಬಾದಲ್ಲಿ, ಉಳಿದೆಲ್ಲದರಲ್ಲೂ ಇರುವ ಒಂದು ಗುರುತೇ ಇರಲಿಲ್ಲ. ಇದ್ದದ್ದನ್ನು ಕಳೆದುಕೊಂಡಿತೋ, ಅದರ ವಂಶದ ಕವಲಿಗೆ ಬರಲೇ ಇಲ್ಲವೋ? ದೊಡ್ಡ ಪ್ರಶ್ನೆ. ಪ್ರಬಂಧ ಕಳಿಸಿದಾಗ, ಇನ್ನೊಮ್ಮೆ ಪರೀಕ್ಷಿಸಿ ತೋರಿಸಿ ಎಂದು ವಿಜ್ಞಾನ ಪತ್ರಿಕೆಯವರು ಬರೆದರು. ಮಾದರಿ ಶುದ್ಧವಾಗಿರಲೆಂದು ತರುಣ ಸಂಶೋಧಕರೊಬ್ಬರು ಔಷಧಿ ಹಾಕಿ ಸೀಸೆಯ ಬ್ಯಾಕ್ಟೀರಿಯಾವನ್ನೆಲ್ಲ ಕೊಂದರು. ವಾರದೊಳಗೆ ಅಮೀಬಾವೂ ಸತ್ತಿತು. ಅದು ತಿಂದು ಬದುಕುತ್ತಿದ್ದದ್ದೇ ಆ ಬ್ಯಾಕ್ಟೀರಿಯಾವನ್ನು. "ಊಟಾನೇ ಕೊಳೆ ಅಂದ್ಕೊಂಡು ತೊಳೆದುಬಿಟ್ರು," ಎನ್ನುತ್ತಾರೆ ಚಿಕ್ಕಮ್ಮ.

ಹೆಪ್ಪುಗಟ್ಟಿಸಿದರೆ ಉಳಿಯುವ ಜಾತಿಯಲ್ಲ ಅದು. ಉಳಿದಿದ್ದದ್ದು ಚಿಕ್ಕಮ್ಮನ ಕಪಾಟಿನಲ್ಲಿದ್ದ, ಅದೇ ಅಮೀಬಾದ ಒಂದೇ ಒಂದು ಕೊಳವೆ. ಯಾವ ದಾಖಲೆಯಲ್ಲೂ ಇಲ್ಲದ್ದು. ಯಾವುದಕ್ಕೂ ಇರಲಿ ಎಂದು ಒಂಬತ್ತು ವರ್ಷ, ವಾರಕ್ಕೆರಡು ಸಲ ಊಟ ಹಾಕಿ ಸಾಕಿದ್ದು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಂದು ಮೇಜಿನ ಮೇಲಿಟ್ಟರು.

ಪ್ರಬಂಧ ಅಚ್ಚಾಯಿತು. ಹನ್ನೊಂದು ಮಂದಿ ಲೇಖಕರು. ಕೊನೆಯಲ್ಲಿ ಸೂಕ್ಷ್ಮದರ್ಶಕ ರಿಪೇರಿ ಮಾಡಿದವರಿಗೂ ಕೃತಜ್ಞತೆ ಇದೆ. ಚಿಕ್ಕಮ್ಮನಿಗೆ ಬಂದದ್ದು ಮೆಮೊ: ಅನುಮತಿಯಿಲ್ಲದೆ ಜೀವಿಯನ್ನು ಇಟ್ಟುಕೊಂಡದ್ದು ತಪ್ಪು. ಔಷಧಿ ಹಾಕಿದವರು ಬಡ್ತಿ ಪಡೆದು ಪಕ್ಕದ ಕೋಣೆಯಲ್ಲೇ ಇದ್ದಾರೆ. ಎದುರು ಸಿಕ್ಕರೆ ಫೋನು ನೋಡುತ್ತಾರೆ. ಮೆಮೊ ಬಂದವರ ಗುತ್ತಿಗೆ ಮುಂದುವರಿಯುವುದಿಲ್ಲ. ಈ ತಿಂಗಳಿಗೆ ಚಿಕ್ಕಮ್ಮನ ಕೆಲಸ ಮುಗಿಯುತ್ತದೆ. ಹೊಸಬರಿಗೆ ನಲವತ್ತಾರು ಸೀಸೆಯ ಊಟ ಕಲಿಸಲು ಸಿಕ್ಕಿರುವುದು ಎರಡು ದಿನ.

ಮೆಮೊ ನೋಡಿ, ಆ ದರಿದ್ರ ಕಾಗದ ಹರಿದು ಬಿಸಾಕು ಎಂದು ತಂಗಿ ಕೂಗಾಡಿದಳಂತೆ. ಚಿಕ್ಕಮ್ಮ ಅದಕ್ಕೆ ಪ್ಲಾಸ್ಟಿಕ್ ಕವರು ಹಾಕಿಸಿಕೊಂಡು ಬಂದಿದ್ದಾರೆ.

"ಯಾಕೆ ಹರೀಲಿ? ಆ ಅಮೀಬಾನ ಉಳಿಸಿಕೊಂಡಿದ್ದು ನಾನು ಅಂತ, ನನ್ನ ಪೂರ್ತಿ ಹೆಸರು ಬರೆದು, ಸಹಿ ಹಾಕಿ, ಸೀಲು ಒತ್ತಿ, ಅವರೇ ಕೊಟ್ಟಿರೋ ಕಾಗದ ಇದೊಂದೇ."